ಮತವೆಂಬ ಸಾಕ್ಷ್ಯ: ಸಣ್ಣ ಚುನಾವಣೆಗಳ ದೊಡ್ಡ ಹೊಣೆ

ಚುನಾವಣೆ ಸಮೀಪಿಸಿತೆಂದರೆ ಮಸೀದಿಯಿಂದ ಹೊರಬರುವಾಗ ನಮಗೆ ಎದುರಾಗುವ ಪ್ರಶ್ನೆ ಒಂದೇ: "ಹಜ್ರತ್, ಈ ಸಲ ಯಾರಿಗೆ ಹಾಕಬೇಕು?" ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಕೇಳುತ್ತಾ ಬಂದಿದ್ದೇವೆ. "ನನ್ನ ಹೆಸರು ಪಟ್ಟಿಯಲ್ಲಿದೆಯೇ, ಹೇಗೆ ನೋಡುವುದು?" ಎಂದು ಕೇಳಿದವರು ಮಾತ್ರ ಬೆರಳೆಣಿಕೆಯಷ್ಟು ಮಂದಿ.

ಇತ್ತೀಚೆಗೆ ನಮ್ಮ ಭಾಗದ ಸಮುದಾಯ ಸಂಘಟನೆಯೊಂದು ವಿಧಾನಸಭೆ ಮತ್ತು ಸ್ಥಳೀಯ ಸಂಸ್ಥೆಗಳ ಚುನಾವಣೆಗಾಗಿ ಮತದಾರರ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚಿತು. ಅದರ ಹಿಂದಿನ ಶ್ರಮವನ್ನು ಮೆಚ್ಚಲೇಬೇಕು. ಆದರೆ ಓದಿ ಮುಗಿಸಿದಾಗ ಎರಡು ಸಂಗತಿಗಳು ನಮ್ಮ ಮನಸ್ಸನ್ನು ಕಾಡಿದವು. ಅದರ ಬಹುಪಾಲು ಪುಟಗಳು ವಿಧಾನಸಭೆಗೆ ಮೀಸಲಾಗಿದ್ದು, ಗ್ರಾಮ ಪಂಚಾಯಿತಿ, ಪುರಸಭೆಗಳಿಗೆ ಒಂದೇ ಪುಟ ದೊರೆತಿತ್ತು. ಕೊನೆಯ ಪುಟದಲ್ಲಿ, ಯಾರಿಗೆ ಮತ ನೀಡಬೇಕೆಂಬುದನ್ನು ಹಿರಿಯರು ಮತದಾನದ ಹಿಂದಿನ ದಿನ ತಿಳಿಸುವರು ಎಂಬ ಸೂಚನೆಯಿತ್ತು. ಈ ಎರಡರ ಕುರಿತೂ ನಮ್ಮ ಅಭಿಪ್ರಾಯವನ್ನು ವಿನಯದಿಂದ ಮುಂದಿಡುತ್ತೇವೆ.

ಮತದಾನದ ಧಾರ್ಮಿಕ ಸ್ವರೂಪವನ್ನು ವಿವರಿಸುತ್ತಾ ಮುಫ್ತಿ ಮುಹಮ್ಮದ್ ಶಫೀ ಅವರು ಮತವನ್ನು ಮೂರು ನೆಲೆಗಳಲ್ಲಿ ಗುರುತಿಸಿದ್ದಾರೆ. ಅದು ಶಹಾದತ್, ಅಂದರೆ ಸಾಕ್ಷ್ಯ. ಶಫಾಅತ್, ಅಂದರೆ ಶಿಫಾರಸು. ಮತ್ತು ವಕಾಲತ್, ಅಂದರೆ ನಮ್ಮ ಪರವಾಗಿ ಕಾರ್ಯ ನಿರ್ವಹಿಸಲು ಇನ್ನೊಬ್ಬನಿಗೆ ಅಧಿಕಾರ ಕೊಡುವುದು. 'ಈತ ಈ ಹೊಣೆಗೆ ಅರ್ಹನು, ಪ್ರಾಮಾಣಿಕನು' ಎಂದು ಅಲ್ಲಾಹನ ಮುಂದೆ ನಾವು ಹೇಳುವ ಸಾಕ್ಷ್ಯವೇ ಮತ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವು ಪಾಪಪೂರಿತವೆಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ (2:283). ಸಾಕ್ಷ್ಯವು ಸ್ವತಃ ನಮಗೇ, ನಮ್ಮ ತಂದೆತಾಯಿಗಳಿಗೇ ವಿರುದ್ಧವಾದರೂ ನ್ಯಾಯದ ಪರ ಅಚಲವಾಗಿ ನಿಲ್ಲಬೇಕೆಂದು ಅದು ಆದೇಶಿಸಿದೆ (4:135).

ಹಾಗಾದರೆ ಮತದಾರರ ಕೈಪಿಡಿಯ ಕೆಲಸವೇನು? ಸಾಕ್ಷಿಯ ಬಾಯಿಗೆ ಮಾತು ತುರುಕುವುದಲ್ಲ. ಅವನನ್ನು ಸಾಕ್ಷಿ ಹೇಳಲು ಯೋಗ್ಯನನ್ನಾಗಿಸುವುದು. ಸಾಕ್ಷಿಯಾದವನು ಹಾಜರಿರಬೇಕು, ವಿಷಯವನ್ನು ಅರಿತಿರಬೇಕು, ಮಾರಾಟವಾಗಿರಬಾರದು, ಒತ್ತಡಕ್ಕೆ ಬಗ್ಗಿರಬಾರದು. ಮದರಸಾದಲ್ಲಿ ನಾವು ಕಲಿತ ಮತ್ತು ಕಲಿಸುವ ಈ ಪಾಠವೇ ಮತಗಟ್ಟೆಗೂ ಅನ್ವಯಿಸುತ್ತದೆ.

ಮೊದಲನೆಯದು ಹಾಜರಿ. ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2023ರ ಮೇ 10ರಂದು ವಿಧಾನಸಭಾ ಚುನಾವಣೆ ನಡೆದಾಗ, ಅದಕ್ಕೆ ಮುಂಚಿನ ಹಲವು ಜುಮಾಗಳಲ್ಲಿ ಮತದಾನದ ಮಹತ್ವವನ್ನು ಜನರಿಗೆ ಬೋಧಿಸಿದ್ದವರು ನಾವು. ಆ ದಿನ ಮನೆಯವರನ್ನು ಕರೆದುಕೊಂಡು ಮತಗಟ್ಟೆಗೆ ಹೋದರೆ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ನಾವು ಬಾಡಿಗೆ ಮನೆ ಬದಲಿಸಿ ಮೂರು ವರ್ಷಗಳಾಗಿದ್ದವು. ನಮ್ಮ ಹೆಸರನ್ನು ವರ್ಗಾಯಿಸಿಕೊಂಡಿದ್ದೆವು. ಅವರದನ್ನು 'ನಾಳೆ ನೋಡೋಣ' ಎಂದು ಬಿಟ್ಟಿದ್ದೆವು. ಕೈಯಲ್ಲಿ ಗುರುತಿನ ಚೀಟಿ ಹಿಡಿದು ಅವರು ಸುಮ್ಮನೆ ಹಿಂತಿರುಗಿದರು. ದಾರಿಯಲ್ಲಿ ಒಂದೇ ಮಾತು ಹೇಳಿದರು: "ಊರಿಗೆಲ್ಲ ಹೇಳಿದಿರಿ, ಮನೆಯಲ್ಲಿ ನೋಡಲಿಲ್ಲ." ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಮತದ ಹಕ್ಕು ದೊರೆಯದು, ಪಟ್ಟಿಯಲ್ಲಿ ಹೆಸರಿರಬೇಕು. ಹೊಸದಾಗಿ ಸೇರಲು ನಮೂನೆ 6, ತಿದ್ದುಪಡಿ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಹೆಸರನ್ನು ತೆಗೆದುಹಾಕಲು ಕೋರುವುದು ನಮೂನೆ 7. ಅದರ ಮೇಲೆ ನಿಮಗೆ ನೋಟಿಸ್ ಬಂದರೆ ನಿರ್ಲಕ್ಷಿಸದೆ ಉತ್ತರಿಸಿರಿ. ಹದಿನೆಂಟು ತುಂಬುವವರಿಗೆ ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1. ಹದಿನೇಳು ದಾಟಿದ ಮಕ್ಕಳು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರದು. ಮಾಹಿತಿಗೆ 1950 ಸಹಾಯವಾಣಿ ಇದೆ. ಪ್ರತಿ ಮತಗಟ್ಟೆಗೂ ಒಬ್ಬ ಬಿಎಲ್‌ಒ ಇರುತ್ತಾರೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದರೂ ಅಲ್ಲಿನ ಪಟ್ಟಿಯು ವಿಧಾನಸಭಾ ಪಟ್ಟಿಯ ಆಧಾರದಲ್ಲೇ ಸಿದ್ಧವಾಗುತ್ತದೆ. ಒಂದರಲ್ಲಿ ಬಿಟ್ಟುಹೋದರೆ ಎರಡರಲ್ಲೂ ಬಿಟ್ಟುಹೋದಂತೆ.

ನಮ್ಮ ಹೆಸರುಗಳಿಗೆ ಇನ್ನೊಂದು ತೊಡಕಿದೆ. ಉರ್ದು, ಅರಬೀ ಮೂಲದ ಹೆಸರು ಕನ್ನಡ ಲಿಪಿಗೆ ಬರುವಾಗ ಒಂದೊಂದು ದಾಖಲೆಯಲ್ಲಿ ಒಂದೊಂದು ರೂಪ ತಾಳುತ್ತದೆ. ಒಂದು ಕಡೆ ಖೈರುನ್ನಿಸಾ, ಇನ್ನೊಂದು ಕಡೆ ಕೈರುನ್ನೀಸ, ಮತ್ತೊಂದು ಕಡೆ ಕೈರೂನ್ ಬಿ. ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಆದ್ದರಿಂದ ಚುನಾವಣೆ ಇಲ್ಲದ ಕಾಲದಲ್ಲೇ, ಮನೆಯ ಎಲ್ಲ ದಾಖಲೆಗಳನ್ನು ಎದುರಿಗಿಟ್ಟುಕೊಂಡು, ಮೊದಲು ಹೆಂಗಸರ ಹೆಸರುಗಳನ್ನು ನೋಡಿರಿ. ಪರ್ದಾ ಪಾಲಿಸುವವರ ಗುರುತು ನೋಡಲು ಮಹಿಳಾ ಸಿಬ್ಬಂದಿಯ ವ್ಯವಸ್ಥೆ ಇರುತ್ತದೆ. ಸಂಕೋಚವು ಮನೆಯಲ್ಲೇ ಉಳಿಯಲು ಕಾರಣವಾಗಬೇಕಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದರೆ ಜಗಳವಾಡಿ ಹಿಂತಿರುಗಬೇಡಿ. ನಿಮ್ಮ ಗುರುತು ದೃಢಪಟ್ಟರೆ ಮತಪತ್ರದಲ್ಲಿ 'ಟೆಂಡರ್ ಮತ' ನೀಡಲು ಅವಕಾಶವಿದೆ. ಅದನ್ನು ಕೇಳಿ ಪಡೆಯಿರಿ.

'ಒಂದು ಮತದಿಂದ ಏನಾದೀತು?' ಎನ್ನುವವರು ನಮ್ಮ ರಾಜ್ಯದ ಚರಿತ್ರೆಯನ್ನೇ ನೋಡಲಿ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ನಿರ್ಧಾರವಾದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ ಕೇವಲ 16. ವಿಧಾನಸಭೆಯಲ್ಲೇ ಹೀಗಾದರೆ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯನಿರುವ ಗ್ರಾಮ ಪಂಚಾಯಿತಿಯಲ್ಲಿ ಒಂದು ಮನೆಯ ನಾಲ್ಕು ಮತಗಳ ತೂಕ ಎಷ್ಟೆಂದು ಊಹಿಸಿರಿ. ಅಲ್ಲಿ ಮತಗಳು ಸಮವಾದರೆ ಚೀಟಿ ಎತ್ತಿ ತೀರ್ಮಾನಿಸುವರು.

ಎರಡನೆಯದು ಅರಿವು. ಅಭ್ಯರ್ಥಿಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಸಲಹೆ ನೀಡಿದ ಮದ್ಯನಿನ ಹೆಣ್ಣುಮಗಳು ಎರಡು ಗುಣಗಳನ್ನು ಹೇಳಿದಳು: ಸಾಮರ್ಥ್ಯ ಮತ್ತು ವಿಶ್ವಾಸಾರ್ಹತೆ (28:26). ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಾಲದು. ಅಬೂ ದರ್ರ್(ರ)ರಂತಹ ಧರ್ಮನಿಷ್ಠ ಸಹಾಬಿಯು ಅಧಿಕಾರದ ಹೊಣೆಯನ್ನು ಕೇಳಿದಾಗ, ಅದೊಂದು ಅಮಾನತ್, ನೀವು ಆ ವಿಷಯದಲ್ಲಿ ದುರ್ಬಲರು ಎಂದು ಪ್ರವಾದಿವರ್ಯರು(ಸ) ಅವರಿಗೆ ಪ್ರೀತಿಯಿಂದಲೇ ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ನಮಾಝಿ ಎಂಬ ಒಂದೇ ಕಾರಣಕ್ಕೆ, ನಮ್ಮವನೆಂಬ ಒಂದೇ ಕಾರಣಕ್ಕೆ ಯಾರೂ ಪಂಚಾಯಿತಿ ನಡೆಸಲು ಅರ್ಹರಾಗುವುದಿಲ್ಲ.

ಇನ್ನೂ ಒಂದು ನಿದರ್ಶನವನ್ನು ನೆನಪಿಸಬೇಕು. ಹಿಜ್‌ರತ್‌ನ ಆ ಅಪಾಯದ ಪಯಣದಲ್ಲಿ ಪ್ರವಾದಿವರ್ಯರು(ಸ) ಮತ್ತು ಅಬೂಬಕರ್(ರ)ರು ದಾರಿ ತೋರಿಸಲು ನೇಮಿಸಿಕೊಂಡ ಅಬ್ದುಲ್ಲಾಹ್ ಬಿನ್ ಉರೈಕಿತ್ ಆಗ ಮುಸ್ಲಿಮನಾಗಿರಲಿಲ್ಲ. ಆತ ದಾರಿ ಬಲ್ಲವನಾಗಿದ್ದನು, ನಂಬಿಕೆಗೆ ಅರ್ಹನಾಗಿದ್ದನು. ತಮ್ಮ ಪ್ರಾಣವನ್ನೇ ಅವನ ಕೈಗೆ ಒಪ್ಪಿಸಿದ ಆ ಮಾದರಿಯು ನಮ್ಮ ಮುಂದಿರುವಾಗ, ನಮ್ಮ ಬೀದಿಯ ಚರಂಡಿಯನ್ನು ಒಬ್ಬ ಪ್ರಾಮಾಣಿಕ ಹಿಂದೂ ಅಥವಾ ಕ್ರೈಸ್ತ ನೆರೆಯವರಿಗೆ ಒಪ್ಪಿಸಲು ಹಿಂಜರಿಕೆಯೇಕೆ? ವಿಧಾನಸಭೆಯ ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣ, ಆಸ್ತಿ, ವಿದ್ಯಾರ್ಹತೆಗಳ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಅದನ್ನು ಯಾರು ಬೇಕಾದರೂ ಓದಬಹುದು. ಪಂಚಾಯಿತಿಯ ಅಭ್ಯರ್ಥಿಯಾದರೋ ನಮ್ಮ ಓಣಿಯವರೇ ಆಗಿರುತ್ತಾರೆ. ಅವರ ಕೊಟ್ಟ ಮಾತು, ತೀರಿಸಿದ ಸಾಲ, ನೆರೆಹೊರೆಯೊಡನೆ ನಡೆದುಕೊಂಡ ರೀತಿ ಎಲ್ಲವೂ ನಮಗೆ ಗೊತ್ತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯು ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ವ್ಯಕ್ತಿಯನ್ನೇ ನೋಡಿ ಸಾಕ್ಷಿ ಹೇಳುವ ಅವಕಾಶ ಅಲ್ಲಿ ಹೆಚ್ಚು.

ಮೂರನೆಯದು, ಸಾಕ್ಷಿ ಮಾರಾಟವಾಗಿರಬಾರದು. ಕುಕ್ಕರ್, ಸೀರೆ, ನೋಟಿನ ಲಕೋಟೆ ಇವೆಲ್ಲ ಹಳೆಯವು. ಈಗ ಚುನಾವಣೆಯು ರಂಜಾನ್ ಹತ್ತಿರ ಬಂದರೆ 'ಇಫ್ತಾರ್ ಕಿಟ್' ಎಂಬ ಹೆಸರೂ ಸೇರಿಕೊಂಡಿದೆ. 'ಎಲ್ಲರಿಂದಲೂ ತೆಗೆದುಕೊಳ್ಳುತ್ತೇವೆ, ಬೇಕಾದವರಿಗೆ ಹಾಕುತ್ತೇವೆ' ಎಂಬ ಜಾಣ ಉತ್ತರವನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಲಂಚ ಕೊಡುವವನ ಮೇಲೂ ಪಡೆಯುವವನ ಮೇಲೂ ಶಾಪವಿದೆಯೆಂದು ಹದೀಸ್ ತಿಳಿಸುವಾಗ ಅಲ್ಲಿ ಅಂತಹ ವಿನಾಯಿತಿಯೇನೂ ಕಾಣುವುದಿಲ್ಲ. ದೇಶದ ಕಾನೂನಿನಲ್ಲೂ ಇಬ್ಬರೂ ಅಪರಾಧಿಗಳೇ. ಬಡವನ ಹಸಿವನ್ನು ನಾವು ಅರಿಯದವರಲ್ಲ. ಅದಕ್ಕೇ ಝಕಾತ್ ಇದೆ. ನಮ್ಮ ಝಕಾತ್ ಸರಿಯಾಗಿ ತಲುಪಿದ ಓಣಿಯಲ್ಲಿ ಲಕೋಟೆಗೆ ಕೈಚಾಚುವವರು ಕಡಿಮೆಯಾಗುವರು. ಆದ್ದರಿಂದ ಬಡವನನ್ನು ದೂರುವ ಮೊದಲು ಉಳ್ಳವರು ತಮ್ಮ ಲೆಕ್ಕ ನೋಡಿಕೊಳ್ಳಲಿ.

ನಾಲ್ಕನೆಯದು ಕೈಪಿಡಿಯ ಕೊನೆಯ ಪುಟಕ್ಕೆ ಸಂಬಂಧಿಸಿದ್ದು. ಹಿರಿಯರು ಸಮಾಲೋಚನೆ ನಡೆಸುವುದು ಶೂರಾದ ಸುನ್ನತ್ತೇ ಆಗಿದೆ. ಆದರೆ ಹಿಂದಿನ ರಾತ್ರಿ ಹೆಸರೊಂದನ್ನು ಹೇಳಿ ಕಳುಹಿಸುವುದು ಸಮಾಲೋಚನೆಯಲ್ಲ, ಅಪ್ಪಣೆ. ಬೇರೊಬ್ಬರು ಬರೆದುಕೊಟ್ಟದ್ದನ್ನು ಒಪ್ಪಿಸುವವನು ಸಾಕ್ಷಿಯಾಗಲಾರನು. ಅದಕ್ಕಿಂತ ಮಿಗಿಲಾಗಿ, ಹೀಗೆ ಒಟ್ಟಾಗಿ ಒಪ್ಪಿಸಬಹುದಾದ ಮತಗಳಿಗೆ ಬೆಲೆ ಕಟ್ಟಲು ಜನ ಬರುತ್ತಾರೆ. ಆ ಬೆಲೆ ಓಣಿಗೆ ತಲುಪುವುದೂ ಇಲ್ಲ. ಮಿಂಬರ್‌ನ ವಿಷಯದಲ್ಲಂತೂ ಎಚ್ಚರ ಅಗತ್ಯ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟಾಚರಣೆ; 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು ಇದರ ವ್ಯಾಪ್ತಿಯನ್ನು ಇನ್ನಷ್ಟು ವಿಸ್ತರಿಸಿದೆ. ಧಾರ್ಮಿಕ ಸ್ಥಳಗಳನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಕಾಯ್ದೆಯೊಂದು ನಿಷೇಧಿಸಿದೆ. ಮತದಾನ ಮಾಡಿರಿ, ಪಟ್ಟಿ ನೋಡಿಕೊಳ್ಳಿರಿ, ಲಂಚ ಮುಟ್ಟಬೇಡಿರಿ ಎನ್ನುವುದು ಖತೀಬರ ಕರ್ತವ್ಯ. ಅಭ್ಯರ್ಥಿಯ ಹೆಸರು ಹೇಳುವುದು ಅಲ್ಲ.

ಇನ್ನು ಆ ಒಂದೇ ಪುಟದ ಸ್ಥಳೀಯ ಸಂಸ್ಥೆಗಳ ಮಾತು. ಎರಡು ಮಳೆಗಾಲಗಳ ಹಿಂದೆ ನಮ್ಮೂರಿನ ಖಬರಸ್ತಾನಕ್ಕೆ ಹೋಗುವ ಹಾದಿಯಲ್ಲಿ ಮೊಣಕಾಲೆತ್ತರ ಕೆಸರಿತ್ತು. ಜನಾಝಾ ಹೊತ್ತವರಲ್ಲಿ ಒಬ್ಬರ ಕಾಲು ಜಾರಿತು. ಉಳಿದವರು ಹೇಗೋ ಹೆಗಲು ಕೊಟ್ಟು ಮಯ್ಯಿತ್ ಬೀಳದಂತೆ ತಡೆದರು. ದಫನ್ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಂಎಲ್ಎಗೆ ಹೇಳಬೇಕು." ಆ ಹಾದಿ ಪಂಚಾಯಿತಿಯದಾಗಿತ್ತು. ನಮ್ಮ ವಾರ್ಡಿನ ಸದಸ್ಯರು ಯಾರೆಂದು ಕೇಳಿದಾಗ ಅಲ್ಲಿದ್ದ ಮೂವತ್ತು ಮಂದಿಯಲ್ಲಿ ಹೇಳಬಲ್ಲವರು ಇಬ್ಬರೇ ಇದ್ದರು.

ಮುಂದಿನ ಗ್ರಾಮಸಭೆಗೆ ನಾವು ಹನ್ನೊಂದು ಮಂದಿ ಹೋದೆವು. ಅದೇ ಹಾದಿಯಲ್ಲಿ ಹೊಲಕ್ಕೆ ಹೋಗುವ ಹಿಂದೂ ಸಹೋದರರೂ ನಮ್ಮ ಅರ್ಜಿಗೆ ಸಹಿ ಹಾಕಿದರು. ಕೆಲವು ತಿಂಗಳುಗಳಲ್ಲಿ ಜಲ್ಲಿ ಬಿತ್ತು. ಚರಂಡಿ ಇನ್ನೂ ಆಗಿಲ್ಲ. ಕೇಳುವುದನ್ನು ನಾವು ಬಿಟ್ಟಿಲ್ಲ. ಪಟ್ಟಣಗಳಲ್ಲಾದರೆ ಸ್ಮಶಾನ, ಖಬರಸ್ತಾನ, ಬೀದಿ ದೀಪ ಮೊದಲಾದವು ನಗರಾಡಳಿತದ ವಿಷಯಗಳೆಂದು ಸಂವಿಧಾನದ 12ನೇ ಅನುಸೂಚಿಯಲ್ಲಿಯೇ ನಮೂದಾಗಿದೆ. ಮಗುವಿನ ಅಂಗನವಾಡಿಯಿಂದ ಮಯ್ಯಿತ್‌ನ ಹಾದಿಯವರೆಗೆ ನಮ್ಮ ದಿನನಿತ್ಯವನ್ನು ಮುಟ್ಟುವ ಸಂಸ್ಥೆಗಳು ಇವೇ.

ಈ ಸಂಸ್ಥೆಗಳಲ್ಲಿ ನಮ್ಮ ರಾಜ್ಯವು ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿದೆ. ಆದರೆ ಹೆಂಡತಿ ಸದಸ್ಯೆ, ಸಭೆಗೆ ಹೋಗುವುದು ಗಂಡ ಎಂಬುದು ಎಲ್ಲ ಸಮುದಾಯಗಳಲ್ಲೂ ಕಾಣುವ ರೋಗ, ನಮ್ಮಲ್ಲೂ ಇದೆ. ಅಮಾನತ್ ಯಾರಿಗೆ ಒಪ್ಪಿಸಲಾಗಿದೆಯೋ ಅವರೇ ಅದನ್ನು ನಿರ್ವಹಿಸಬೇಕು. ಹುದೈಬಿಯಾದ ಇಕ್ಕಟ್ಟಿನಲ್ಲಿ ಉಮ್ಮು ಸಲಮಾ(ರ)ರ ಸಲಹೆಯನ್ನು ಸ್ವೀಕರಿಸಿ ಪ್ರವಾದಿವರ್ಯರು(ಸ) ನಡೆದುಕೊಂಡುದನ್ನು ಓದುವ ನಾವು, ನಮ್ಮ ಹೆಣ್ಣುಮಕ್ಕಳ ವಿವೇಕವನ್ನು ಅಡುಗೆಮನೆಗೆ ಸೀಮಿತಗೊಳಿಸುವುದು ಯಾವ ನ್ಯಾಯ?

ಸಣ್ಣ ಚುನಾವಣೆಗಳನ್ನು ಹಗುರವಾಗಿ ಕಂಡರೆ ಏನಾಗುವುದೆಂಬುದಕ್ಕೆ ಬೆಂಗಳೂರೇ ಸಾಕ್ಷಿ. 2015ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯಾಗದೆ, ವಾರ್ಡಿನ ಜನರಿಗೆ ತಾವೇ ಆರಿಸಿದ ಸದಸ್ಯರಿಲ್ಲವಾದರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯಿತಿಗಳ ಕಥೆಯೂ ಇದೇ. ಈ ವಿಳಂಬದ ಬಗ್ಗೆ ಜನರಿಂದ ಬಲವಾದ ದನಿ ಏಳಲಿಲ್ಲವೆಂಬುದೇ ಹೆಚ್ಚು ನೋವಿನ ಸಂಗತಿ.

ಕೊನೆಯದಾಗಿ, ಮತವು ವಕಾಲತ್ ಎಂಬುದನ್ನು ಮರೆಯದಿರೋಣ. ವಕೀಲನನ್ನು ನೇಮಿಸಿದವನು ಐದು ವರ್ಷ ಅವನ ಮುಖ ನೋಡದೆ ಇರುವನೇ? ಗ್ರಾಮಸಭೆ, ವಾರ್ಡ್ ಸಭೆಗಳು ಲೆಕ್ಕ ಕೇಳುವ ಸ್ಥಳಗಳು. ಕೈಪಿಡಿಯ ಮುಂದಿನ ಆವೃತ್ತಿಯಲ್ಲಿ ಕೊನೆಯ ಪುಟವನ್ನು ತೆಗೆದು, ಅಲ್ಲಿ ಪ್ರತಿ ಮನೆಯೂ ತನ್ನ ಬಿಎಲ್‌ಒ ಹೆಸರು, ಮತಗಟ್ಟೆ, ವಾರ್ಡ್ ಸದಸ್ಯರ ಹೆಸರು ಮತ್ತು ಮುಂದಿನ ಗ್ರಾಮಸಭೆಯ ದಿನಾಂಕವನ್ನು ಬರೆದುಕೊಳ್ಳಲು ನಾಲ್ಕು ಸಾಲು ಖಾಲಿ ಬಿಡಬೇಕೆಂದು ಸಂಘಟನೆಯ ಸಹೋದರರಲ್ಲಿ ನಮ್ಮ ವಿನಂತಿ.

ಓದುಗ ಬಂಧುಗಳೇ, ಈ ದಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಕೇಳಿರಿ: ನಮ್ಮಲ್ಲಿ ಯಾರ ಹೆಸರು ಪಟ್ಟಿಯಲ್ಲಿಲ್ಲ? ಉತ್ತರ ಗೊತ್ತಿಲ್ಲವಾದರೆ ನಾಳೆಯೇ ತಿಳಿದುಕೊಳ್ಳಿರಿ. ನಾವು 'ನಾಳೆ' ಎಂದು ಮೂರು ವರ್ಷ ಕಳೆದವರು, ನಿಮಗೆ ಹಾಗಾಗದಿರಲಿ.

ಅಮಾನತ್‌ಗಳನ್ನು ಅರ್ಹರಿಗೆ ಒಪ್ಪಿಸುವ, ಸತ್ಯಸಾಕ್ಷ್ಯವನ್ನು ಬಚ್ಚಿಡದ ಜನರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.