ಮಾನಕ್ಕಿಂತ ಮೊದಲು ಉಸಿರು

ಮಾದಕ ವ್ಯಸನದ ವಿರುದ್ಧ ನಮ್ಮ ಪಟ್ಟಣಗಳಲ್ಲಿ ಸಭೆಗಳು ನಡೆಯುತ್ತವೆ, ಜಾಥಾಗಳು ಹೊರಡುತ್ತವೆ, ವಿದ್ಯಾರ್ಥಿಗಳಿಗೆ ಪ್ರತಿಜ್ಞೆ ಬೋಧಿಸಲಾಗುತ್ತದೆ. ಅದು ಸಮಾಜಘಾತುಕ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ನಮ್ಮದೇ ಮನೆಯ ಕೋಣೆಯಲ್ಲಿ ಇಪ್ಪತ್ತರ ಹರೆಯದ ಮಗ ಎಷ್ಟು ಕರೆದರೂ ಏಳದ ಸ್ಥಿತಿಯಲ್ಲಿ ಬಿದ್ದಿದ್ದರೆ ಮುಂದಿನ ಹತ್ತು ನಿಮಿಷಗಳಲ್ಲಿ ಮಾಡಬೇಕಾದುದೇನು? ಈ ಪ್ರಶ್ನೆಗೆ ಅಂಥ ಸಭೆಗಳಲ್ಲಿ ಉತ್ತರ ಸಿಗುವುದು ಅಪರೂಪ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದ ಶೇ. 2ಕ್ಕಿಂತ ತುಸು ಹೆಚ್ಚು ಮಂದಿ ವೈದ್ಯರು ಓಪಿಯಾಯ್ಡ್ ಎಂದು ಕರೆಯುವ ಅಫೀಮು ವರ್ಗದ ವಸ್ತುಗಳನ್ನು ಬಳಸುತ್ತಾರೆ. ಹೆರಾಯಿನ್ ಮಾತ್ರವೇ ಈ ವರ್ಗಕ್ಕೆ ಸೇರಿದ್ದಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳೂ ಇದರಲ್ಲಿವೆ. ಟ್ರಮಡಾಲ್ ಅನ್ನು 2018ರಲ್ಲಿ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಔಷಧದ ವೇಷದಲ್ಲಿ ಮನೆಯೊಳಗೆ ಬರುವ ಈ ಪಿಡುಗನ್ನು ಹೆತ್ತವರು ಗುರುತಿಸುವುದು ಸುಲಭವಲ್ಲ.

ಆದರೂ ಕೆಲವು ಲಕ್ಷಣಗಳಿವೆ. ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಕೆ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಸದಾ ಮಲಬದ್ಧತೆ, ಸೆಕೆಯಲ್ಲೂ ತುಂಬುತೋಳಿನ ಅಂಗಿ, ಖಾಲಿ ಮಾತ್ರೆಪಟ್ಟಿಗಳು, ಮನೆಯಿಂದ ಕಾಣೆಯಾಗುವ ಹಣ. ವಸ್ತು ಸಿಗದ ದಿನಗಳಲ್ಲಿ ಇದೇ ಹುಡುಗನಿಗೆ ಮೂಗು ಸೋರುತ್ತದೆ, ಕಣ್ಣು ತೇವವಾಗುತ್ತದೆ, ಮೇಲಿಂದ ಮೇಲೆ ಆಕಳಿಕೆ, ಮೈಕೈ ನೋವು, ಭೇದಿ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಯಾವುದೂ ತಾನೊಂದೇ ಪುರಾವೆಯಾಗಲಾರದು. ಹಲವು ಒಟ್ಟಾಗಿ ಕಂಡಾಗ ಬೈಗುಳ, ಹೊಡೆತಗಳ ಬದಲು ಮಾತುಕತೆ ಮತ್ತು ವೈದ್ಯರ ಭೇಟಿ ನಡೆಯಬೇಕು.

ಪ್ರಮಾಣ ಮೀರಿದಾಗ ಈ ವಸ್ತುಗಳು ಉಸಿರಾಟವನ್ನು ನಿಧಾನಗೊಳಿಸಿ ಕೊಲ್ಲುತ್ತವೆ. ಮದ್ಯ ಅಥವಾ ನಿದ್ದೆಮಾತ್ರೆ ಜೊತೆ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ಅಲುಗಾಡಿಸಿದರೂ, ಎದೆಮೂಳೆಯನ್ನು ಬೆರಳಗಂಟಿನಿಂದ ಉಜ್ಜಿದರೂ ಎಚ್ಚರಗೊಳ್ಳದಿರುವುದು, ತೀರಾ ವಿರಳವಾದ ಉಸಿರು, ಗಂಟಲಲ್ಲಿ ಗೊರಗೊರ ಸದ್ದು, ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗಿದ ತುಟಿ ಮತ್ತು ಉಗುರು ಇದರ ಲಕ್ಷಣಗಳು. ಆ ಗೊರಕೆಯನ್ನು ಗಾಢ ನಿದ್ರೆಯೆಂದು ಭಾವಿಸಿ, ಮಲಗಿ ಎದ್ದರೆ ಸರಿಹೋದೀತೆಂದು ಬಾಗಿಲೆಳೆದುಕೊಂಡು ಬರುವುದೇ ಅತಿ ದೊಡ್ಡ ಪ್ರಮಾದ.

ತಡಮಾಡದೆ 108ಕ್ಕೆ ಕರೆಮಾಡಬೇಕು. ಉಸಿರಾಟ ಸರಿಯಾಗಿದ್ದರೆ ಒಂದು ಮಗ್ಗುಲಾಗಿ ಮಲಗಿಸಬೇಕು. ಉಸಿರು ನಿಂತಿದ್ದರೆ ಅಥವಾ ನಿಲ್ಲುವಂತಿದ್ದರೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರು ತುಂಬಬೇಕು. ಚಲನೆಯೇ ಇಲ್ಲದಿದ್ದರೆ ಎದೆಯ ನಡುಭಾಗವನ್ನು ಒತ್ತುವುದನ್ನೂ ಆರಂಭಿಸಬೇಕು. ಮಜ್ಜಿಗೆ, ಲಿಂಬೆರಸ ಕುಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು. ತಣ್ಣೀರು ಸುರಿಯುವುದು, ಎಬ್ಬಿಸಿ ನಡೆಸುವುದು ಬೇಡ. ವೈದ್ಯರ ಬಳಿ ನಲೋಕ್ಸೋನ್ ಎಂಬ ಔಷಧವಿದೆ. ಅದು ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಅದರ ಪ್ರಭಾವ ಇಳಿದಂತೆ ಅಪಾಯ ಮರುಕಳಿಸಬಹುದಾದುದರಿಂದ, ಎಚ್ಚರವಾಯಿತೆಂದು ಕೂಡಲೇ ಮನೆಗೆ ಕರೆತರಬಾರದು. ಆದರೆ ಹುಡುಗ ಏನು ಸೇವಿಸಿದ್ದಾನೆಂದು ಹೇಳದಿದ್ದರೆ ವೈದ್ಯರಾದರೂ ಏನು ಮಾಡಿಯಾರು?

ನಿಜವಾದ ಅಡ್ಡಿ ಇರುವುದು ಇಲ್ಲಿಯೇ. ನೆರೆಯವರಿಗೆ ತಿಳಿದರೆ? ಪೊಲೀಸರು ಬಂದರೆ? ತಂಗಿಯ ಮದುವೆ ನಿಂತುಹೋದರೆ? ಈ ಲೆಕ್ಕಾಚಾರ ಮುಗಿಯುವುದರೊಳಗೆ ಉಸಿರು ಮುಗಿದಿರುತ್ತದೆ. ಪೊಲೀಸ್ ಪ್ರಕರಣವೆಂಬ ನೆಪದಲ್ಲಿ ತುರ್ತು ಚಿಕಿತ್ಸೆಯನ್ನು ತಡೆಹಿಡಿಯಕೂಡದೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರಕಾರಿ ಮಾನ್ಯತೆಯುಳ್ಳ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಅದನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು 1985ರ ಕಾಯ್ದೆಯ 64ಎ ಕಲಮು ಅವಕಾಶ ನೀಡುತ್ತದೆ. ಮಾರಾಟಗಾರನಿಗೆ ಈ ರಿಯಾಯಿತಿ ಇಲ್ಲ, ಇರಲೂಬಾರದು.

ವ್ಯಸನಿಯ ಮನೆಯನ್ನು ದೂರವಿಡುವ ಬಹಿಷ್ಕಾರದ ಮಾತುಗಳನ್ನು ನಮ್ಮ ಮೊಹಲ್ಲಾಗಳು ಕೈಬಿಡಲಿ. ಅದರಿಂದ ವ್ಯಸನ ಕಡಿಮೆಯಾಗದು, ಅಡಗುವುದು ಹೆಚ್ಚಾಗುತ್ತದೆ. ಚಿಕಿತ್ಸೆ ಮುಗಿಸಿ ಅಥವಾ ಜೈಲಿನಿಂದ ಹೊರಬಂದ ಮೊದಲ ವಾರಗಳೇ ಅತ್ಯಂತ ಅಪಾಯದ ಕಾಲ. ಬಿಟ್ಟಿದ್ದ ದೇಹ ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹಳೆಯ ಪ್ರಮಾಣವೇ ಈಗ ಮಾರಕವಾಗುತ್ತದೆ. ಆ ವಾರಗಳಲ್ಲಿ ಅವನನ್ನು ಒಂಟಿಯಾಗಿ ಬಿಟ್ಟ ಮನೆಯೂ ಮೊಹಲ್ಲಾವೂ ಅವನ ಸಾವಿಗೆ ಹೊಣೆಯಲ್ಲವೇ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. 14446 ಮತ್ತು 14416 ಸಂಖ್ಯೆಗಳಿಗೆ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು. ಈ ಸಂಖ್ಯೆಗಳನ್ನು ಪ್ರತಿ ಮನೆಯೂ ಬರೆದಿಟ್ಟುಕೊಳ್ಳಲಿ. ವಿಚಾರಣೆ, ಉಪದೇಶ, ಪಶ್ಚಾತ್ತಾಪ ಎಲ್ಲವೂ ನಡೆಯಲಿ. ಆದರೆ ಅದಕ್ಕೆ ಮೊದಲು ಆ ಮಗ ಬದುಕಿರಬೇಕು.