ಬೀಸುಕಲ್ಲೂ ಗಾಳಿಯಂತ್ರವೂ

ಆಷಾಢ ಹುಟ್ಟಿತೆಂದರೆ ಆಲೂರು, ಆಸ್ಪರಿಗಳ ಎರೆಹೊಲಗಳ ಮೇಲೆ ಬೀಸುವ ಗಾಳಿ ಹೆಗಲಮೇಲಿನ ವಸ್ತ್ರವನ್ನು ನಿಲ್ಲಗೊಡುವುದಿಲ್ಲ. ಹಿರಿಯರು ಈ ಗಾಳಿಯನ್ನು ಶಪಿಸುವುದಷ್ಟನ್ನೇ ಬಲ್ಲವರಾಗಿದ್ದರು. ಈಗ ಅದೇ ಹೊಲಗಳ ನಡುವೆ ಮೂರು ರೆಕ್ಕೆಯ ಗಾಳಿಯಂತ್ರಗಳು ನಿಂತು ಅದನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿವೆ. ಈಚೆಗೆ ರಜೆಯಲ್ಲಿ ಆದವಾನಿಗೆ ಬಂದಿದ್ದ ನಮ್ಮ ಅಕ್ಕನ ಮಗಳನ್ನು ನಮ್ಮ ತಾಯಿಯವರು ಕೇಳಿದ ಪ್ರಶ್ನೆಯೂ ಇವನ್ನು ಕುರಿತದ್ದೇ: "ಗಾಳಿ ಇಷ್ಟು ಜೋರಾಗಿ ಬೀಸುವಾಗಲೂ ಒಮ್ಮೊಮ್ಮೆ ಆ ರೆಕ್ಕೆಗಳನ್ನು ನಿಲ್ಲಿಸಿಬಿಡುತ್ತಾರಲ್ಲ, ಏತಕ್ಕವ್ವಾ? ನೀನು ಓದುವುದು ಅದನ್ನೇ ಅಂತೆ."

ಹುಡುಗಿ ಬೆಂಗಳೂರಿನಲ್ಲಿ ಇದೇ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಇದು ನಾಲ್ಕನೆಯ ವರ್ಷ. ಹೈದರಾಬಾದಿನ ಕಂಪನಿಯೊಂದರಿಂದ ಕೆಲಸಕ್ಕೆ ಕರೆ ಬಂದಿರುವುದರಿಂದ ಓದನ್ನು ಅರ್ಧಕ್ಕೆ ಬಿಟ್ಟು ಅದನ್ನು ಹಿಡಿಯಲೆಂದು ಮನೆಯವರ ಒತ್ತಾಯ. ಹಾಗೆ ಬುದ್ಧಿ ಹೇಳಿದವರಲ್ಲಿ ನಾನೂ ಒಬ್ಬನೆಂಬುದನ್ನು ಮರೆಮಾಚುವುದಿಲ್ಲ.

ಅವಳು ಅಜ್ಜಿಗೆ ಕೊಟ್ಟ ಉತ್ತರ ನಡುಮನೆಯ ಬೀಸುಕಲ್ಲಿನಿಂದ ಆರಂಭವಾಯಿತು. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಕಣಜದ ಜೋಳದಂತೆ ಕೂಡಿಡಲಾಗದು. ಎಷ್ಟು ಖರ್ಚೋ ಅಷ್ಟನ್ನು ಆ ಕ್ಷಣದಲ್ಲೇ ಹುಟ್ಟಿಸಬೇಕು. ಈ ಸಮತೋಲ ಉಳಿದಿದೆಯೆ ಎಂದು ತಿಳಿಯಲು ನೋಡುವ ನಾಡಿಯೇ ಆವರ್ತನ, ಅಂದರೆ ಸೆಕೆಂಡಿಗೆ 50 ಸಲದ ಮಿಡಿತ. ನಮ್ಮ ದೇಶದ ನಿಯಮದಂತೆ ಅದು 49.90ಕ್ಕಿಂತ ಇಳಿಯಬಾರದು, 50.05ನ್ನು ಮೀರಬಾರದು. ಖರ್ಚು ಹೆಚ್ಚಿದರೆ ನಾಡಿ ಕುಗ್ಗುತ್ತದೆ, ಉತ್ಪಾದನೆ ಹೆಚ್ಚಿದರೆ ಏರುತ್ತದೆ. ಉತ್ಪಾದನೆ ಮಿತಿಮೀರಿದಾಗಲೋ, ತಂತಿಗಳು ಹೊರಲಾರದಾದಾಗಲೋ ಗಾಳಿಯಂತ್ರಗಳಿಗೆ ನಿಲ್ಲುವಂತೆ ಅಪ್ಪಣೆಯಾಗುತ್ತದೆ.

"ಬೀಸುವಾಗ ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಹೆಚ್ಚಾಗಿ ಬಿದ್ದರೆ ಕಲ್ಲು ತಟ್ಟನೆ ನಿಲ್ಲುತ್ತದೆಯೆ, ಅಜ್ಜಿ?" ಎಂದು ಕೇಳಿದಳು. ನಿಲ್ಲುವುದಿಲ್ಲ. ಕಲ್ಲಿನ ಭಾರವೇ ಅದನ್ನು ಇನ್ನರ್ಧ ಸುತ್ತು ಒಯ್ಯುತ್ತದೆ. ಅಷ್ಟರಲ್ಲಿ ಕೈ ಬಿಗಿಹಿಡಿಯಬಹುದು. ರಾಯಚೂರಿನ ಶಕ್ತಿನಗರದಂತಹ ಉಷ್ಣವಿದ್ಯುತ್ ಕೇಂದ್ರಗಳಲ್ಲಿ ಉಗಿಯ ಬಲದಿಂದ ನಿಮಿಷಕ್ಕೆ 3000 ಸುತ್ತು ತಿರುಗುವ ಭಾರಿ ಯಂತ್ರಗಳೂ ಹೀಗೆಯೇ. ನಾಡಿನ ಇಂತಹ ಯಂತ್ರಗಳೆಲ್ಲ ತಂತಿಯ ಮೂಲಕ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಹೆಜ್ಜೆಗೂಡಿ ನಡೆಯುತ್ತವೆ. ಎಲ್ಲೋ ಒಂದು ದೊಡ್ಡ ಕೇಂದ್ರ ಹಠಾತ್ತನೆ ನಿಂತರೆ, ಉಳಿದವುಗಳ ಭಾರವು ಕೆಲವು ಸೆಕೆಂಡುಗಳ ಕಾಲ ನಾಡಿಯನ್ನು ಹಿಡಿದಿಡುತ್ತದೆ. ಅಷ್ಟರೊಳಗೆ ಉಗಿಯ ಕವಾಟ ತೆರೆದುಕೊಳ್ಳುತ್ತದೆ. ಈ ಗುಣಕ್ಕೆ ಜಡತ್ವವೆಂದು ಹೆಸರು. ಮನುಷ್ಯರಲ್ಲಿ ನಾವು ಬೈಯುವ ಗುಣ ಇಲ್ಲಿ ನಾಡನ್ನು ಕಾಯುತ್ತದೆ.

ಬಿಸಿಲಿನ ಫಲಕಗಳಲ್ಲಿ ತಿರುಗುವುದೇನೂ ಇಲ್ಲ. ಹೊಸ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತವೆ, ಭಾರವೂ ಇದೆ. ಆದರೆ ನಡುವೆ ದುಭಾಷಿಯಂತೆ ನಿಂತಿರುವ ಇನ್ವರ್ಟರ್ ಮೊದಲಾದ ಸಲಕರಣೆಗಳಿಂದಾಗಿ ಆ ಭಾರ ತಾನಾಗಿ ತಂತಿಯನ್ನು ಮುಟ್ಟುವುದಿಲ್ಲ. ಗನಿ-ಶಕುನಾಲಗಳಲ್ಲಿ 2017ರಲ್ಲಿ ತಲೆಯೆತ್ತಿದ ಸೌರ ಉದ್ಯಾನ 1000 ಮೆಗಾವಾಟಿನದು. ಗಡಿಯಾಚೆ ಪಾವಗಡದ್ದು 2050 ಮೆಗಾವಾಟಿನದು. ಮಧ್ಯಾಹ್ನ ಇವು ಉಕ್ಕಿಸುವಷ್ಟನ್ನೂ ಬಳಸಬೇಕೆಂದರೆ ಉಗಿಯ ಯಂತ್ರಗಳನ್ನು ತಗ್ಗಿಸಬೇಕು, ಕೆಲವನ್ನು ನಿಲ್ಲಿಸಲೂಬೇಕು. ಆಗ ಬೀಸುಕಲ್ಲು ಹಗುರಾಗುತ್ತದೆ. ಸಂಜೆ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸೂರ್ಯ ತನ್ನ ಪಾಲನ್ನು ಹಿಂತೆಗೆದುಕೊಂಡಿರುತ್ತಾನೆ.

2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತವೆಲ್ಲ ಕತ್ತಲಾಯಿತು. ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿ ತಂತಿಗಳಲ್ಲಿ ವೋಲ್ಟೇಜು ಮತ್ತೆಮತ್ತೆ ಕುಸಿದಾಗ, ತಮ್ಮನ್ನು ರಕ್ಷಿಸಿಕೊಳ್ಳಲೆಂದು ಇಟ್ಟಿದ್ದ ಕಟ್ಟಳೆಯಂತೆ ಹಲವು ಗಾಳಿಯಂತ್ರಗಳ ಸ್ಥಾವರಗಳು ಉತ್ಪಾದನೆಯನ್ನು ಒಮ್ಮೆಗೇ ತಗ್ಗಿಸಿದವು. ದೋಷ ಗಾಳಿಯದಲ್ಲ, ಬರೆದಿಟ್ಟ ಕಟ್ಟಳೆಯದು ಎಂದು ಹುಡುಗಿ ಒತ್ತಿ ಹೇಳಿದಳು.

ನಮ್ಮಲ್ಲಿ 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಉಳಿದುಕೊಂಡಿತು. ಏಕೆಂದರೆ ಆಗ ನಮ್ಮ ನಾಡಿಯೇ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣವು ಉಳಿದ ದೇಶದೊಡನೆ ಕೂಡಿಕೊಂಡಿತು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಕಡಿದು ಆಂಧ್ರಕ್ಕೆ ಸೇರಿಸಿದ ಆದವಾನಿ, ಆಲೂರು, ರಾಯದುರ್ಗಗಳ ನಮ್ಮಂಥವರಿಗೆ, ಗೆರೆಯನ್ನೇ ಅರಿಯದ ಈ ತಂತಿಯನ್ನು ಕಂಡರೆ ಒಂದು ಬಗೆಯ ಅಸೂಯೆ. ಇರಲಿ. ಕೂಡಿದ್ದರಿಂದ ಬಲ ಬಂದಿತು. ಒಬ್ಬರ ತೊಡಕು ಎಲ್ಲರದೂ ಆಯಿತು.

ಪಿನ್ನಾಪುರದಲ್ಲಿ 2022ರಲ್ಲಿ ಅಡಿಗಲ್ಲು ಹಾಕಿದ ಯೋಜನೆ 1680 ಮೆಗಾವಾಟಿನದು. ಹಗಲು ಮಿಕ್ಕ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗಿಳಿಸಿ ಯಂತ್ರ ತಿರುಗಿಸುವುದು ಅದರ ರೀತಿ. ಆದರೆ ಅದಕ್ಕೊಪ್ಪುವ ಗುಡ್ಡ, ನೀರು ಎಲ್ಲೆಡೆಯೂ ದೊರೆಯಬೇಕಲ್ಲ? ಹುಡುಗಿಯ ಸಂಶೋಧನೆ ಬೇರೆ ದಾರಿಯದು. ಬ್ಯಾಟರಿಯ ಬೆಂಬಲವುಳ್ಳ ಇನ್ವರ್ಟರಿಗೆ ಬೀಸುಕಲ್ಲಿನ ನಡತೆಯನ್ನು ಕಲಿಸುವುದು, ತಂತಿಯ ನಾಡಿಯನ್ನು ಬರಿದೆ ಅನುಸರಿಸುವ ಬದಲು ತಾನೇ ಮಿಡಿದು ತೋರಿಸುವಂತೆ ಮಾಡುವುದು. ಒಂದೆರಡು ಇದ್ದರೆ ಸರಿ; ನೂರಾರು ಒಂದೆಡೆ ಸೇರಿದಾಗ ಒಂದರ ಮಾತು ಇನ್ನೊಂದಕ್ಕೆ ಹೊಂದದೆ ತಂತಿಯೆಲ್ಲ ತೂಗಾಡತೊಡಗುತ್ತದೆ. ಈ ತೂಗಾಟವನ್ನು ಗಣಕಯಂತ್ರದ ಮೇಲೆ ಅವಳು ಎಷ್ಟು ಸಲ ಕಂಡಿದ್ದಾಳೋ ಲೆಕ್ಕವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಕೆ. ಆರ್. ಪಡಿಯಾರ್ ಅವರ 'ಪವರ್ ಸಿಸ್ಟಮ್ ಡೈನಮಿಕ್ಸ್' ಎಂಬ ಗ್ರಂಥವನ್ನು ಊರಿಗೂ ಹೊತ್ತು ತಂದಿದ್ದಳು. ಹೊದಿಕೆ ಹರಿದು ಸುತ್ತಲೂ ಅಂಟುಪಟ್ಟಿ ಹಚ್ಚಿದ್ದಳು.

ಎಲ್ಲವನ್ನೂ ಕೇಳಿದ ನಮ್ಮ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕಲ್ಲಿನ ಜಾಗದಲ್ಲಿ ಏನಿಡಬೇಕೆಂದು ಗೊತ್ತಾಯಿತೆ?" ಎಂದರು.

"ಪೂರ್ತಿ ಇಲ್ಲ, ಅಜ್ಜಿ."

"ಮತ್ತೆ ಅರ್ಧಕ್ಕೆ ಬಿಟ್ಟು ಹೈದರಾಬಾದಿಗೆ ಹೇಗೆ ಹೋಗುತ್ತೀಯೆ?"

ನಮ್ಮ ಅಕ್ಕ ಒಳಗೆ ಪಾತ್ರೆಗಳನ್ನು ತುಸು ಸದ್ದಾಗಿಯೇ ಜೋಡಿಸಿದಳು. ನಾನು ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡೆ. ಮರುದಿನ ಸಂಜೆ ಹುಡುಗಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬೆಂಗಳೂರಿನ ರೈಲು ಹತ್ತಿದಳು.