ಮೊದಲ ಹೆಣಿಗೆ ಮಾದರಿ ಅಚ್ಚಿಗೆ ಹೋಗುವಾಗ

ಸಿಂಧನೂರಿನ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. “ಅಕ್ಕಾರೇ, ನೀವು ಪ್ರತಿ ಸಲ ಈ ಪುಟದಾಗ ಒಂದೊಂದು ಮಾದರಿ ಕೊಡ್ತೀರಿ. ನಾನೂ ಹದಿನೈದು ವರ್ಷದಿಂದ ಸ್ವೆಟರ್ ಹಾಕ್ತೀನಿ. ನಂದೂ ಒಂದು ಅಚ್ಚಾಗಬೇಕಾದ್ರ ಏನ್ ಮಾಡಬೇಕ್ರೀ?” ಇಂಥ ಪ್ರಶ್ನೆ ಕೇಳಿದವರು ಇವರೊಬ್ಬರೇ ಅಲ್ಲ. ಸ್ವಂತ ಮಾದರಿ ಕೈಯಲ್ಲಿದ್ದೂ ಕಳಿಸಲು ಸಂಕೋಚಪಡುವವರು ಬಹಳ ಮಂದಿ ಇದ್ದಾರೆ. ಹೀಗಾಗಿ ಈ ಸಲ ಹೊಸ ಮಾದರಿಗೆ ಬಿಡುವು ಕೊಟ್ಟು, ಅದನ್ನು ಕಳಿಸುವ ಬಗೆಯನ್ನೇ ಬರೆಯುತ್ತೇನೆ.

ಎಲ್ಲಕ್ಕೂ ಮೊದಲು ಬರುವ ಸಂಶಯ ಒಂದೇ: “ಇದು ನಂದು ಅಂತ ಹೆಂಗ ಹೇಳಲಿ?” ಸೀದಾ, ಉಲ್ಟಾ ಎರಡೇ ಕುಣಿಕೆಗಳ ಮೇಲೆ ಇಡೀ ಹೆಣಿಗೆ ನಿಂತಿದೆ, ಅವು ಯಾರ ಅಪ್ಪನ ಆಸ್ತಿಯೂ ಅಲ್ಲ. ಜಡೆಯ ಹೆಣಿಗೆ, ಜೇನುಗೂಡು, ಎಲೆ ಇವೂ ಎಲ್ಲರವೇ. ಅವನ್ನು ನೀವು ಎಲ್ಲಿ ಇಟ್ಟಿರಿ, ಯಾವ ಅಳತೆಗೆ ಕೂಡಿಸಿದಿರಿ, ಯಾವ ಮಾತಿನಲ್ಲಿ ಬರೆದಿರಿ, ಅದು ನಿಮ್ಮದು. ಪತ್ರಿಕೆಯಲ್ಲಿ ಬಂದದ್ದರ ಬಣ್ಣ ಬದಲಿಸಿ ಮತ್ತೊಂದು ಪತ್ರಿಕೆಗೆ ಕಳಿಸುವವರೂ ಇದ್ದಾರೆ. ಅವರ ಮಾತು ಇಲ್ಲಿ ಬೇಡ.

ನನ್ನ ಮೊದಲ ಮಾದರಿ ಕೂಸಿನ ಟೊಪ್ಪಿಗೆ. 12 ವರ್ಷದ ಹಿಂದಿನ ಮಾತು. ನಮ್ಮ ಅತ್ತೆಯವರ ಹಳೆಯ ಇಳಕಲ್ ಸೀರೆಗೆ ಕಸೂತಿಯ ಗೋಪುರದ ಸಾಲು ಇತ್ತು. ಸೀರೆ ಮಡಿಕೆ ಮಡಿಕೆಯಲ್ಲಿ ಹರಿದಿತ್ತು, ಗೋಪುರ ಮಾತ್ರ ಗಟ್ಟಿಯಾಗಿತ್ತು. ಅದನ್ನೇ ಉಲ್ಲನ್‌ನಲ್ಲಿ ಇಳಿಸುವ ಆಸೆ ಆಯಿತು. ಅತ್ತೆಯವರು ನಕ್ಕರು. “ನಮ್ಮ ಮಾನ್ವ್ಯಾಗ ಉಲ್ಲನ್ ಟೊಪ್ಪಿಗಿ ಯಾವ ಕೂಸು ಹಾಕ್ಕೋತದವ್ವಾ? ಬೆವತು ಅಳತದ ಅಷ್ಟ.” ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಿದ್ದವರು ಬೇರೆ ಏನು ಹೇಳಿಯಾರು? ಆದರೂ ಪುಷ್ಯ ಮಾಸದ ನಸುಕಿನಲ್ಲಿ ಕಾಲುವೆಯ ಕಡೆಯಿಂದ ಗಾಳಿ ಬೀಸಿದರೆ ಇಲ್ಲಿಯೂ ಕೂಸಿನ ಕಿವಿ ಮುಚ್ಚಬೇಕಾಗುತ್ತದೆ. ಮೇಲಾಗಿ ಪತ್ರಿಕೆ ಮಾನ್ವಿಗಷ್ಟೇ ಬರುವುದಲ್ಲ, ಮಡಿಕೇರಿಗೂ ಹೋಗುತ್ತದೆ. ಮಾದರಿ ಕಳಿಸುವವರು ತಮ್ಮ ಓಣಿಯ ಹವೆಯನ್ನಷ್ಟೇ ನೋಡಬಾರದು.

ಕಸೂತಿಯನ್ನು ಹೆಣಿಗೆಗೆ ತರುವುದು ಕಂಡಷ್ಟು ಸುಲಭವಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ರಂಗೋಲಿ, ಕೌದಿ, ಲಂಬಾಣಿ ಕಸೂತಿ ಯಾವುದನ್ನು ತಂದರೂ ಇದೇ ತೊಡಕು ಎದುರಾಗುತ್ತದೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಗವಂತಿ, ಮುರ್ಗಿ ಎರಡೂ ಗೆರೆಯ ಹೊಲಿಗೆ; ಬಟ್ಟೆಯ ಎಳೆ ಎಣಿಸಿ ಹೋಗಿ, ಬಂದ ದಾರಿಯಲ್ಲೇ ತಿರುಗಿ ಬಂದು ತುಂಬುವುದು. ಹೆಣಿಗೆಯಲ್ಲಿ ಗೆರೆ ಎಂಬುದೇ ಇಲ್ಲ, ಇರುವುದು ಕುಣಿಕೆ ಮಾತ್ರ. ಆದ್ದರಿಂದ ನೇಗಿ, ಮೆಂತೆಯ ತುಂಬಿದ ಚಿತ್ರಗಳು ಹೆಣಿಗೆಗೆ ಚೆನ್ನಾಗಿ ಹೊಂದುತ್ತವೆ. ಗವಂತಿಯ ಗೋಪುರವಾದರೆ ಒಳಗಿನ ಜಾಗವನ್ನು ನಾವೇ ತುಂಬಿ, ಹೊಸದಾಗಿ ಬರೆದುಕೊಳ್ಳಬೇಕು.

ಎರಡನೆಯ ತೊಡಕು ಇನ್ನೂ ದೊಡ್ಡದು. ಮಕ್ಕಳ ಗ್ರಾಫ್ ಹಾಳೆಯ ಮನೆ ಚೌಕಾಕಾರ. ಹೆಣಿಗೆಯ ಕುಣಿಕೆ ಚೌಕವಲ್ಲ, ಅಗಲ ಜಾಸ್ತಿ, ಎತ್ತರ ಕಡಿಮೆ. 4 ಪ್ಲೈ ಉಲ್ಲನ್ ಹಿಡಿದು 10ನೇ ನಂಬರಿನ ಕಡ್ಡಿಯಲ್ಲಿ ಹಾಕಿದಾಗ ನನ್ನ ಕೈಗೆ 10 ಸೆಂಟಿಮೀಟರಿನಲ್ಲಿ ಅಡ್ಡಕ್ಕೆ 28 ಕುಣಿಕೆ, ಉದ್ದಕ್ಕೆ 36 ಸಾಲು ಬರುತ್ತವೆ. ಅಂದರೆ 7ಕ್ಕೆ 9. ಹಾಳೆಯ ಮೇಲೆ 14 ಮನೆ ಎತ್ತರದ ಗೋಪುರ ಬರೆದು ಹಾಗೆಯೇ 14 ಸಾಲು ಹಾಕಿದರೆ ಅದು ಗೋಪುರವಾಗುವುದಿಲ್ಲ, ಕುಳಿತ ಬಣವೆಯಾಗುತ್ತದೆ. 18 ಸಾಲು ಹಾಕಬೇಕು. ಹೆಚ್ಚಿನ 4 ಸಾಲನ್ನು ಮೆಟ್ಟಿಲುಗಳ ನಡುವೆ ಸೇರಿಸಬೇಡಿ. ಕೆಳಗಿನ ಪೀಠಕ್ಕೆ 2, ಮೇಲಿನ ಕಳಸಕ್ಕೆ 2 ಕೊಟ್ಟರೆ ಆಕಾರ ಕೆಡುವುದಿಲ್ಲ. ಎರಡು ಬಣ್ಣದ ಕೆಲಸದಲ್ಲಿ ಹಿಂದೆ ಉಳಿಯುವ ಎಳೆಯ ಕಡೆಗೂ ಗಮನವಿರಲಿ. 5 ಕುಣಿಕೆಗಿಂತ ಹೆಚ್ಚು ದೂರ ಹೋಗುವ ಎಳೆಯನ್ನು ನಡುವೆ ಒಮ್ಮೆ ಹೊರಳಿಸಿ ಸಿಕ್ಕಿಸಬೇಕು. ಇಲ್ಲವಾದರೆ ಕೂಸಿನ ಬೆರಳು ಅದರಲ್ಲಿ ಸಿಗುತ್ತದೆ.

ಲೆಕ್ಕವನ್ನು ಕಡ್ಡಿ ಹಿಡಿಯುವ ಮೊದಲೇ ಮಾಡಿಡಿ. ಒಂದು ಗೋಪುರಕ್ಕೆ 13, ನಡುವಿನ ಬಿಡುವಿಗೆ 1, ಒಟ್ಟು 14 ಕುಣಿಕೆ. 8 ಗೋಪುರಕ್ಕೆ 112. ಹಿಂದೆ ಕೂಡಿಸಿ ಹೊಲಿಯಲು ಅಂಚಿಗೆ 2. ಒಟ್ಟು 114 ಕುಣಿಕೆ, ಸುತ್ತಳತೆ ಸುಮಾರು 40 ಸೆಂಟಿಮೀಟರು. ದೊಡ್ಡ ಕೂಸಿಗೆ ಇನ್ನೊಂದು ಗೋಪುರ ಸೇರಿಸಿದರೆ 128 ಕುಣಿಕೆ. ಹೀಗೆ ಎರಡು ಅಳತೆ ಬರೆದು ಕಳಿಸಿದರೆ ಸಂಪಾದಕರಿಗೂ ಸಂತೋಷ, ಓದುಗರಿಗೂ ಉಪಯೋಗ.

ಹಾಕುವುದು ಬೇರೆ, ಬರೆಯುವುದು ಬೇರೆ. ನಮ್ಮ ಕೈ ತಾನಾಗಿ ಮಾಡುವ ಎಷ್ಟೋ ಕೆಲಸಗಳನ್ನು ಕಾಗದದ ಮೇಲೆ ಹೇಳಲು ಮರೆತುಬಿಡುತ್ತೇವೆ. ಅಡುಗೆಯಲ್ಲಿ ‘ಒಗ್ಗರಣೆ ಕೊಡಿ’ ಅಂದರೆ ಸಾಕು, ಸಾಸಿವೆ ಮೊದಲೋ ಕರಿಬೇವು ಮೊದಲೋ ಎಲ್ಲರಿಗೂ ಗೊತ್ತು. ಹೆಣಿಗೆಯಲ್ಲಿ ಹಾಗೆ ನಡೆಯುವುದಿಲ್ಲ. ಇಂಗ್ಲಿಷರೂ ಒಂದು ಕಾಲದಲ್ಲಿ ಅಡುಗೆಯ ವಿಧಾನ, ಹೆಣಿಗೆಯ ವಿಧಾನ ಎರಡನ್ನೂ ‘ರಿಸೀಟ್’ ಎಂಬ ಒಂದೇ ಶಬ್ದದಿಂದ ಕರೆಯುತ್ತಿದ್ದರು! ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೇನ್ ಗಾಗೆನ್ ಎಂಬಾಕೆ ಉಲ್ಲನ್ ವ್ಯಾಪಾರದಲ್ಲಿದ್ದರು. 1840ರಲ್ಲಿ ಅವರು ಹೆಣಿಗೆಯ ಪುಸ್ತಕ ಅಚ್ಚು ಹಾಕಿಸಿದರು. ಮುಂಚಿತವಾಗಿ ಚಂದಾದಾರರನ್ನು ಕೂಡಿಸಿ, ಅವರ ಹೆಸರುಗಳನ್ನೂ ಪುಸ್ತಕದಲ್ಲಿ ಸೇರಿಸಿದರು. ಪ್ರತಿ ಕುಣಿಕೆಗೂ ಉದ್ದುದ್ದ ವಾಕ್ಯ ಬರೆಯುವ ಬದಲು ಒಂದೊಂದು ಅಕ್ಷರದ ಗುರುತು ಕೊಟ್ಟವರಲ್ಲಿ ಆಕೆ ಮೊದಲಿಗರ ಪೈಕಿ. ನಾವು ಇಂದು ‘ಸೀ 1, ಉ 1’ ಎಂದು ಬರೆಯುತ್ತೇವಲ್ಲ, ಅದೇ ಜಾಣತನ. ನೀವು ಯಾವ ಗುರುತು ಬಳಸಿದರೂ ಸರಿ, ಅದರ ಅರ್ಥವನ್ನು ಮೊದಲ ಸಾಲಿನಲ್ಲೇ ಬರೆದುಬಿಡಿ. ಕಡ್ಡಿಯ ನಂಬರು, ಉಲ್ಲನ್‌ನ ಪ್ಲೈ ಮತ್ತು ತೂಕ, ನಿಮ್ಮ ಕೈಯ ಬಿಗಿ ಇವೂ ಮೇಲೆಯೇ ಬರಲಿ. ಕುಣಿಕೆ ಕಡಿಮೆ ಮಾಡಿದ ಪ್ರತಿ ಸಾಲಿನ ಕೊನೆಗೆ ಉಳಿದ ಲೆಕ್ಕ ಕೊಡಿ: ಈಗ 106, ಈಗ 98, ಈಗ 90 ಎಂದು. ದಾರಿಯಲ್ಲಿ ಕಲ್ಲು ನೆಟ್ಟ ಹಾಗೆ ಅದು.

ಬರೆದದ್ದನ್ನು ಮತ್ತೊಬ್ಬರ ಕೈಗೆ ಕೊಟ್ಟು ಹಾಕಿಸಿ ನೋಡಿ. ಪಕ್ಕದ ಮನೆಯ ವೈನಿಯವರು ನನಗೆ ಈ ಉಪಕಾರ ಮಾಡಿದರು. ಷರತ್ತು ಏನೆಂದರೆ ಕಾಗದ ನೋಡಿಯೇ ಹಾಕಬೇಕು, ನನ್ನನ್ನು ಒಂದು ಮಾತೂ ಕೇಳಬಾರದು. ಬಾಯಿ ಬಿಗಿಹಿಡಿದು ಕೂಡುವುದು ಅವರಿಗೂ ಕಷ್ಟ, ನನಗೂ ಕಷ್ಟ! ಮೂರು ದಿನದಲ್ಲಿ ಟೊಪ್ಪಿಗೆ ಮುಗಿಯಿತು.

ಆಮೇಲೆ ಕಳಿಸುವ ಮಾತು. ಬೆಳಕಿನಲ್ಲಿ ತೆಗೆದ ಫೋಟೊ ಎರಡು, ನಕ್ಷೆ, ಒಂದೇ ಮಗ್ಗುಲಿಗೆ ಬರೆದ ಹಾಳೆ ಇಷ್ಟು ಸಾಕು. ಹಾಕಿದ ಬಟ್ಟೆಯನ್ನು ಅವರು ಕೇಳಿದರೆ ಮಾತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಎಲ್ಲದರ ನಕಲು ಮನೆಯಲ್ಲಿರಲಿ. ಒಂದೇ ಮಾದರಿಯನ್ನು ಒಂದೇ ವೇಳೆಗೆ ಎರಡು ಕಡೆ ಕಳಿಸಬೇಡಿ.

ನನಗೆ ನಾಲ್ಕು ತಿಂಗಳು ಉತ್ತರವೇ ಇರಲಿಲ್ಲ. ಆಮೇಲೆ ಒಂದು ದಿನ ಸಂಚಿಕೆಯಲ್ಲಿ ಗೋಪುರದ ಟೊಪ್ಪಿಗೆ ಬಂದೇಬಿಟ್ಟಿತು, ಬಣ್ಣದ ಪುಟದಲ್ಲಿ! ಆದರೆ ಕೆಳಗೆ ಇದ್ದದ್ದು ‘ಮಾನ್ವಿಯ ಗೃಹಿಣಿಯೊಬ್ಬರಿಂದ’ ಎಂದು ಮಾತ್ರ. ಆ ಪತ್ರಿಕೆಯ ಹೆಸರು ಇಲ್ಲಿ ಬೇಕಾಗಿಲ್ಲ. ನಮ್ಮ ಯಜಮಾನರು, “ಹೋಗಲಿ ಬಿಡು, ಅಚ್ಚಂತೂ ಆಯ್ತಲ್ಲ” ಎಂದರು. ಬಿಡಲು ಒಪ್ಪದವರು ಅತ್ತೆಯವರು. “ಅದು ಹೆಂಗ ಬಿಡತಿ? ಹೆಸರಿಲ್ಲದ ಭಾಂಡೆ ಲಗ್ನದ ಮನ್ಯಾಗ ತಿರುಗಿ ಬರತದೇನು? ಬರಿ ಅವರಿಗೆ.” ನಮ್ಮ ಕಡೆ ಪ್ರತಿ ಕೊಡ, ತಂಬಿಗೆಯ ಮೇಲೂ ಹೆಸರು ಕೊರೆಸಿರುತ್ತಾರೆ, ಅವರಿಗೆ ಅದು ಸಾದಾ ಮಾತು. ನಾನು ಬರೆದೆ. ಜಗಳದ ಕಾಗದವಲ್ಲ, ಹೆಸರು, ಊರು, ಕಳಿಸಿದ ತಾರೀಖು, ಜತೆಗೆ ನಕಲು. ಎರಡು ಸಂಚಿಕೆ ಬಿಟ್ಟು ಮೂಲೆಯಲ್ಲಿ ಒಂದು ಸಾಲಿನ ತಿದ್ದುಪಡಿ ಬಂತು. ಅತ್ತೆಯವರಿಗೆ ಓದು ಬರಹ ಇರಲಿಲ್ಲ. ಮಗಳನ್ನು ಕೂಡಿಸಿಕೊಂಡು ಆ ಸಾಲಿನ ಮೇಲೆ ಬೆರಳು ಇಡಿಸಿಕೊಂಡರು. “ಇದ ಏನು? ಎಷ್ಟು ಸಣ್ಣದು” ಎಂದರು. ಆದರೂ ಆ ಪುಟವನ್ನು ಕತ್ತರಿಸಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು.

ಹೆಸರಿಗಿಂತ ಸೂಕ್ಷ್ಮವಾದ ತೊಂದರೆಯೂ ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಹೆಣಿಗೆಯವರಲ್ಲಿ ಬಹಳ ದೊಡ್ಡ ಹೆಸರು. ಅವರದು ಸುತ್ತುಕಡ್ಡಿಯಲ್ಲಿ ಹೊಲಿಗೆಯಿಲ್ಲದೆ ಸ್ವೆಟರ್ ಹಾಕುವ ಕ್ರಮ. 1950ರ ದಶಕದಲ್ಲಿ ಅವರ ಮಾದರಿಯನ್ನು ಅಚ್ಚು ಮಾಡಿದ ಸಂಪಾದಕರು ಅದನ್ನು ತುಂಡು ತುಂಡಾಗಿ ಹಾಕಿ ಹೊಲಿಯುವಂತೆ ಬದಲಿಸಿಬಿಟ್ಟರು. ಆಕೆ ಸುಮ್ಮನಿರಲಿಲ್ಲ, ತಮ್ಮದೇ ಪುಟ್ಟ ಪತ್ರ ಹೊರಡಿಸಿ, ತಮ್ಮ ಮಾತಿನಲ್ಲೇ ಮಾದರಿ ಕೊಡತೊಡಗಿದರು. 1971ರಲ್ಲಿ ಬಂದ ಅವರ ‘ನಿಟಿಂಗ್ ವಿಥೌಟ್ ಟಿಯರ್ಸ್’ ಪುಸ್ತಕ ಇಂದಿಗೂ ಓದುವವರ ಕೈಯಲ್ಲಿದೆ. ನಮಗೆಲ್ಲ ಪತ್ರಿಕೆ ಹೊರಡಿಸಲಾಗದು. ಆದರೆ ‘ಬದಲಿಸುವುದಾದರೆ ಅಚ್ಚಿಗೆ ಮೊದಲು ನನಗೊಮ್ಮೆ ತೋರಿಸಿ’ ಎಂದು ಕಾಗದದಲ್ಲಿ ಬರೆಯಬಹುದಲ್ಲ?

ಹಕ್ಕಿನ ವಿಷಯವನ್ನೂ ತಿಳಿದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ವಿವರಣೆ, ಎಳೆದ ನಕ್ಷೆ ಬರೆದ ಗಳಿಗೆಯಿಂದಲೇ ನಿಮ್ಮವು, ನೋಂದಣಿ ಮಾಡಿಸಲೇಬೇಕೆಂದಿಲ್ಲ. ನಿಮ್ಮ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಬರವಣಿಗೆಯಲ್ಲಿ, ನಿಮ್ಮ ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಬರೆಯದಿದ್ದರೆ 5 ವರ್ಷ ಎಂದೇ ಕಾಯ್ದೆ ತಿಳಿಯುತ್ತದೆ. ಗೋಪುರ, ತೇರು, ತುಳಸಿಕಟ್ಟೆ ಇವು ನಾಡಿನವು, ಇವುಗಳ ಮೇಲೆ ಯಾರೂ ಒಡೆತನ ಸಾರಲಾಗದು. ಸಂಭಾವನೆಯ ರಸೀದಿ ಬಂದಾಗ ಓದದೆ ಸಹಿ ಹಾಕಬೇಡಿ, ‘ಸರ್ವ ಹಕ್ಕುಗಳೂ’ ಎಂಬ ಶಬ್ದ ಅಲ್ಲೇ ಕುಳಿತಿರುತ್ತದೆ. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಮೊದಲ ಹಣ ಎಷ್ಟೇ ಸಣ್ಣದಿರಲಿ, ಪಾಸ್‌ಬುಕ್ಕಿನಲ್ಲಿ ಅದು ಬರುವುದನ್ನು ನೋಡುವ ಸಂತೋಷವೇ ಬೇರೆ.

ನಾನು ಒಂದು ಸಲದ ಪ್ರಕಟಣೆಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದೆ. ಹಾಗಾಗಿ ಆ ಟೊಪ್ಪಿಗೆಯನ್ನು ಇಲ್ಲಿ ಮತ್ತೆ ಕೊಡಲು ಅಡ್ಡಿಯಿಲ್ಲ. ಮುಂದಿನ ಸಂಚಿಕೆಯಲ್ಲಿ 18 ಸಾಲಿನ ಪೂರ್ತಿ ನಕ್ಷೆ ಬರುತ್ತದೆ. 10ನೇ ನಂಬರಿನ ಕಡ್ಡಿ ಒಂದು ಜೊತೆ, 4 ಪ್ಲೈ ಉಲ್ಲನ್ ಬಿಳಿಯದು 50 ಗ್ರಾಂ, ಕುಂಕುಮದ ಬಣ್ಣದ್ದು 25 ಗ್ರಾಂ ತಂದಿಟ್ಟುಕೊಂಡಿರಿ. ಎರಡೂ ಬಣ್ಣ ಒಂದೇ ದಪ್ಪದವು ಇರಲಿ, ಮತ್ತು ಕೆಂಪು ಎಳೆಯನ್ನು ಒಮ್ಮೆ ನೀರಿನಲ್ಲಿ ಅದ್ದಿ ಬಣ್ಣ ಬಿಡುತ್ತದೆಯೋ ಇಲ್ಲವೋ ನೋಡಿಬಿಡಿ.